ಹಸಿರು ಚುಕ್ಕಿಯೊಂದು ನಿಜವಿತ್ತು

ನಿಜಾಮುದ್ದೀನನ ಮೈಯಿಂದ ಯಾವಾಗಲೂ ವೆನಿಲಾ ವಾಸನೆ ಬರುತ್ತಿತ್ತು. ಸಂಜೆಯ ಹಾರ್ಬರ್ ಲೋಕಲ್ ರೈಲಿನಲ್ಲಿ, ಬೆವರು ಮೀನು ಎಲ್ಲ ಸೇರಿದ ಗಾಳಿಯಲ್ಲಿ, ಪಕ್ಕದಲ್ಲಿ ನಿಂತವರು ಮೂಗರಳಿಸಿ ಇವನ ಕಡೆ ತಿರುಗುತ್ತಿದ್ದರಂತೆ. ಯಾವ ಬೇಕರಿ ಎಂದು ಕೇಳಿದರೆ ಇವನು ಎದೆಯುಬ್ಬಿಸಿ, “ಬೇಕರಿ ನಹೀ ಭಾಯಿ, ಪ್ರೋಟೀನ್” ಎನ್ನುತ್ತಿದ್ದ. ಆ ಹೆಮ್ಮೆ ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ. ಈಗ ಐಸ್‌ಕ್ರೀಂ ಅಂಗಡಿಯ ಮುಂದೆ ಹಾಯುವಾಗ ಆ ವಾಸನೆ ಮೂಗಿಗೆ ಬಡಿದರೆ ನಾಚಿಕೆಯಾಗುತ್ತದೆ. ಅವನ ಸಲುವಾಗಿ ಸ್ವಲ್ಪ, ನನ್ನ ಸಲುವಾಗಿ ಹೆಚ್ಚು.

ಅವನು ಸಿಂದಗಿ ಕಡೆಯವನು, ನಾನು ಇಂಡಿಯವನು. ಮುಂಬಯಿಯಲ್ಲಿ ಇಷ್ಟು ಸಾಕು. ಊರಲ್ಲಿದ್ದರೆ ಸಂತೆಯಲ್ಲಿ ಎದುರಾದರೂ ಮಾತಾಡದವರು ಇಲ್ಲಿ ನೆಂಟರಾಗುತ್ತಾರೆ. ಅವನು ನನ್ನ ಹೆಂಡತಿ ಶರಣವ್ವನನ್ನು ಅಕ್ಕಾ ಎಂದು ಕರೆದ, ಹಾಗಾಗಿ ನಾನು ಮಾಮಾ ಆದೆ. ಅವನಪ್ಪ ಸಿಂದಗಿ ಪೇಟೆಯಲ್ಲಿ ಜೋಳ ಅಳೆಯುವವನಾಗಿದ್ದ. ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಯಾರ ಚೀಲವನ್ನೂ ಕಟ್ಟಿದವನಲ್ಲ ಎಂದು ನಿಜಾಮ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. ಮಗನೂ ಹಾಗೇ ಇದ್ದ. ವಡಾಲದ ಚಾಳಿನ ಮನೆಯಿಂದ ಗೋರೆಗಾಂವ್‌ಗೆ ಹದಿನಾಲ್ಕು ವರ್ಷ ಒಂದೇ ಲೋಕಲ್ ಹಿಡಿದು ಹೋಗಿಬಂದವನು, ಒಂದು ಪ್ರೋಟೀನ್ ಪುಡಿಯ ಕಾರ್ಖಾನೆಗೆ. ಅಲ್ಲಿ ಕೋಣೆಯಷ್ಟು ದೊಡ್ಡದೊಂದು ಸ್ಟೀಲಿನ ಡ್ರಮ್. ಚೀಟಿಯಲ್ಲಿ ಬರೆದ ಪ್ರಕಾರ ಅದಕ್ಕೆ ಮೂಟೆ ಸುರಿಯುವುದು, ತಿರುಗಿಸುವುದು, ಕೊನೆಗೆ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡುವುದು ಇವನ ಕೆಲಸ. ಇವನು ತಲೆಯಾಡಿಸದೆ ಮಾಲು ಹೊರಗೆ ಹೋಗುತ್ತಿರಲಿಲ್ಲ. ಡಬ್ಬಿಯ ತೂಕದಲ್ಲಿ ಐದು ಗ್ರಾಂ ಹೆಚ್ಚು ಬಿದ್ದರೆ ಇವನಿಗೆ ಖುಷಿ. ಅಪ್ಪನ ಕೊಸರು ಇದೇ ಎನ್ನುತ್ತಿದ್ದ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ನೀಲಕಂಠಪ್ಪ, ಬಂದರಿನ ಗೋದಾಮಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಪೆಟ್ಟಿಗೆಯ ಮೇಲೆ ಬರೆದದ್ದನ್ನು ಕಾಗದದಲ್ಲಿ ಬರೆದದ್ದಕ್ಕೆ ತಾಳೆ ನೋಡುವುದು ನನ್ನ ಕೆಲಸ. ಎರಡೂ ಒಂದೇ ಇದ್ದರೆ ಸಹಿ. ಒಳಗೆ ಏನಿದೆ ಎಂದು ನೋಡುವುದು ನನ್ನ ಕೆಲಸವಲ್ಲ. ಈ ಅಭ್ಯಾಸ ನಿವೃತ್ತಿಯ ಜೊತೆ ಹೋಗಲಿಲ್ಲ. ಮನೆಗೆ ಬಂದ ಪ್ರತಿಯೊಂದು ಪ್ಯಾಕೆಟ್ಟನ್ನೂ ಭೂತಕನ್ನಡಿ ಹಿಡಿದು ಓದುತ್ತೇನೆ. ಓದಿದ್ದನ್ನು ನಂಬುತ್ತೇನೆ. ಸೊಸೆ ಸೋನಾಲಿ ಇದಕ್ಕೆ ನಗುತ್ತಾಳೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಅವಳಿಗೆ ಕಲಿಸಿದವನೂ ನಾನೇ.

ಎರಡು ವರ್ಷದ ಹಿಂದೆ ಶರಣವ್ವ ಮಾಟುಂಗಕ್ಕೆ ಹೂ ತರಲು ಹೋದಾಗ ಹೊಸ ಚಪ್ಪಲಿ ಕಚ್ಚಿತು. ಎಡಗಾಲಿನ ಹೆಬ್ಬೆರಳಿನ ಪಕ್ಕದ ಬೆರಳು, ಕಾಲುಂಗುರ ಇರುವ ಬೆರಳು. ಅವಳಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ಗಾಯ ಮಾಯಲಿಲ್ಲ. ಡಾಕ್ಟರು ನೋಡಿ, ಮೈಯಲ್ಲಿ ಪ್ರೋಟೀನ್ ಸಾಲದು, ಹೀಗೇ ಬಿಟ್ಟರೆ ಬೆರಳು ಹೋಗುತ್ತದೆ, ದಿನಕ್ಕೆರಡು ಮೊಟ್ಟೆ ತಿನ್ನಿ ಎಂದರು. ಅವಳು ಸೆರಗು ಬಾಯಿಗೆ ಹಿಡಿದು ಒಲ್ಲೆನೆಂದು ತಲೆಯಾಡಿಸಿದಳು. ಲಿಂಗ ಕಟ್ಟಿಕೊಂಡವಳು, ಮೊಟ್ಟೆಯ ಹೆಸರೇ ಹೇಳದವಳು. ಹಾಗಾದರೆ ಒಳ್ಳೆಯ ಪುಡಿ ಯಾವುದಾದರೂ ಕುಡಿಯಲಿ ಎಂದರು ಡಾಕ್ಟರು.

ನಾನು ಆ ಸಂಜೆಯೇ ವಡಾಲ ಸ್ಟೇಷನ್ ಬಾಗಿಲಲ್ಲಿ ನಿಂತು ನಿಜಾಮನನ್ನು ಹಿಡಿದೆ. ವಿಷಯವನ್ನೆಲ್ಲ ಹೇಳಿದೆ.

“ಮಾಮಾ, ಡಾಕ್ಟರ ಬರದು ಕೊಟ್ಟಿದ್ದ ಬ್ಯಾರೇ ಯಾವುದರ ತಗೋರಿ. ಮೆಡಿಕಲ್‌ನಾಗ ಸಿಗ್ತಾವ.”

“ನೀನ ಮಾಡಾಂವ ಇದ್ದೀ. ಮನ್ಯಾಗ ಬಾವಿ ಇಟ್ಕೊಂಡು ಓಣ್ಯಾಗ ಕೊಡ ಹಿಡ್ಕೊಂಡು ತಿರಗಲೇನು ನಾ?”

“ಹಂಗಲ್ಲ ಮಾಮಾ...”

“ಹ್ಯಾಂಗೂ ಇಲ್ಲ. ನಾಳಿ ಒಂದು ಡಬ್ಬಿ ತಗೊಂಡು ಬಾ.”

ಇದನ್ನು ಮರೆಯದೆ ಬರೆಯುತ್ತಿದ್ದೇನೆ. ಅವನು ಒಂದು ಸಲ ಬೇಡ ಎಂದಿದ್ದ. ಬಾಯಿ ಮುಚ್ಚಿಸಿದವನು ನಾನು.

ಡಬ್ಬಿ ಬಂತು. ನೀಲಿ ಡಬ್ಬಿ, ಮೇಲೆ ಬಿಳಿಗೂದಲಿನ ಮುದುಕನೊಬ್ಬ ಓಡುತ್ತಿರುವ ಚಿತ್ರ. ನನ್ನ ಅಕ್ಕ ಚನ್ನವ್ವ ಅಂದು ಮನೆಗೆ ಬಂದಿದ್ದಳು, ಬಾಯಿ ಸುಮ್ಮನಿರುವ ಹೆಂಗಸಲ್ಲ. “ಅವರ ಕೈಯಾಗಿನ ಪುಡಿ. ಒಳಗ ಮೊಟ್ಟಿ ಐತೋ ಏನೈತೋ” ಎಂದು ಅವನಿಗೆ ಕೇಳುವ ಹಾಗೆಯೇ ಅಂದಳು. ಶರಣವ್ವ ಅವಳ ಕಡೆ ನೋಡದೆ ನೇರ ನಿಜಾಮನನ್ನೇ ಕೇಳಿದಳು.

“ತಮ್ಮಾ, ನೀನ ಹೇಳು. ನಾ ಕುಡೀಬಹುದೇನು?”

ಅವನು ತಲೆಯ ಟೋಪಿ ಸರಿಮಾಡಿಕೊಂಡ. “ಅಕ್ಕಾ, ನಮ್ಮಲ್ಲಿ ಮೊಟ್ಟಿದೂ ಒಂದು ಮಾಲ ಆಗತೈತಿ, ಅದಽ ಡ್ರಮ್ಮಿನಾಗ. ಅದಕ್ಕ ನಾ ನಿನ್ನಿ ಡ್ರಮ್ ಮೂರು ಸಲ ತೊಳದೀನಿ, ಅರಿವಿ ಬದಲಿ ಮಾಡೀನಿ, ಆಮ್ಯಾಲ ನಿಮ್ಮ ಡಬ್ಬಿ ತುಂಬೀನಿ. ಅಲ್ಲಾಹನ ಆಣಿ, ಇದರಾಗ ನಿಮಗ ನಡೀಲಾರದ್ದು ಒಂದು ಕಣ ಇಲ್ಲ.”

ಆ ಆಣೆ ಸುಳ್ಳಾಗಿರಲಿಲ್ಲ. ಇಂದಿಗೂ ಅದನ್ನು ನಾನು ನಂಬುತ್ತೇನೆ. ನಾನು ಭೂತಕನ್ನಡಿ ಹಿಡಿದು ಡಬ್ಬಿಯನ್ನು ಸುತ್ತಲೂ ಓದಿದೆ. ಸಸ್ಯಾಹಾರದ ಹಸಿರು ಚುಕ್ಕಿ, ಇದೆ. ಎರಡು ಚಮಚಕ್ಕೆ ಪ್ರೋಟೀನ್ ಇಪ್ಪತ್ತನಾಲ್ಕು ಗ್ರಾಂ, ಇದೆ. ಸಕ್ಕರೆ ಸೊನ್ನೆ, ಇದೆ. ಮಧುಮೇಹಿಗಳಿಗೂ ಯೋಗ್ಯ ಎಂದೂ ಇದೆ. ಗೋದಾಮಿನಲ್ಲಿ ಸಹಿ ಮಾಡುತ್ತಿದ್ದ ಹಾಗೆಯೇ ತಲೆಯಾಡಿಸಿ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟೆ.

ಶರಣವ್ವ ಅದನ್ನು ಔಷಧದ ಹಾಗಲ್ಲ, ಪ್ರಸಾದದ ಹಾಗೆ ಕುಡಿದಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಒಂದು ಲೋಟ ಹಾಲಿಗೆ ಎರಡು ಚಮಚ. ಸಂಜೆ ಮತ್ತೆ ಎರಡು. ಬಿಲ್ಡಿಂಗಿನ ಹೆಂಗಸರಿಗೆಲ್ಲ ನಮ್ಮ ತಮ್ಮ ಮಾಡಿದ್ದು ಎಂದು ಹೇಳಿಕೊಂಡು ಬಂದಳು. ತಿಂಗಳಿಗೊಂದು ಡಬ್ಬಿ ಮುಗಿಯುತ್ತಿತ್ತು, ನಿಜಾಮ ತಂದುಕೊಡುತ್ತಿದ್ದ, ಎಷ್ಟು ಹೇಳಿದರೂ ಬೆಲೆ ಮುಟ್ಟುತ್ತಿರಲಿಲ್ಲ.

ಗಾಯ ಮಾಯಲಿಲ್ಲ. ಅಷ್ಟೇ ಅಲ್ಲ, ಸಕ್ಕರೆ ಏರತೊಡಗಿತು. ಸೋನಾಲಿ ಬೆರಳು ಚುಚ್ಚಿ ಮಿಷನ್‌ನಲ್ಲಿ ನೋಡುವಳು. ನೂರಾ ತೊಂಬತ್ತು, ಇನ್ನೂರಾ ನಲವತ್ತು, ಒಂದು ದಿನ ಮುನ್ನೂರು ದಾಟಿತು. ಡಾಕ್ಟರು ಗುಳಿಗೆ ಬದಲಿಸಿದರು, ಮತ್ತೆ ಬದಲಿಸಿದರು, ಕೊನೆಗೆ ಕನ್ನಡಕದ ಮೇಲಿಂದ ನೋಡಿ, “ಬಾಯಿ, ಚುಪ್ಕೆ ಸೇ ಮೀಠಾ ಖಾತೀ ಹೋ ಕ್ಯಾ?” ಎಂದು ಕೇಳಿದರು, ಕದ್ದು ಸಿಹಿ ತಿನ್ನುತ್ತೀ ಏನಮ್ಮಾ ಅಂತ. ಶರಣವ್ವ ಇಲ್ಲ ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಅವಳ ಮುಖ ನೋಡಿದೆ.

ಅಂದಿನಿಂದ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಡಬ್ಬಿ ಸರಿಯಿತ್ತು, ನಾನೇ ಓದಿದ್ದೆ. ಗುಳಿಗೆ ಸರಿಯಿತ್ತು. ಉಳಿದದ್ದು ಹೆಂಡತಿಯೊಬ್ಬಳೇ. ಬೆಲ್ಲ, ಸಕ್ಕರೆ, ಬಿಸ್ಕಿಟ್ ಎಲ್ಲವನ್ನೂ ಕಪಾಟಿಗೆ ಸೇರಿಸಿ ಬೀಗ ಹಾಕಿದೆ. ಕೀಲಿಕೈಯನ್ನು ನನ್ನ ಉಡದಾರಕ್ಕೆ ಕಟ್ಟಿಕೊಂಡೆ. ಸೊಸೆ ಚಹಾಕ್ಕೆ ಸಕ್ಕರೆ ಬೇಕೆಂದರೂ ನಾನು ಅಂಗಿ ಎತ್ತಿ ಉಡದಾರ ಹುಡುಕಬೇಕು. ಅವಳಿಗೆ ನಾಚಿಕೆ, ನನಗಿರಲಿಲ್ಲ. ಶರಣವ್ವ ಒಂದು ಮಾತೂ ಆಡಲಿಲ್ಲ. ಕದ್ದವಳಾದ್ದರಿಂದಲೇ ಸುಮ್ಮನಿದ್ದಾಳೆ ಎಂದು ನಾನು ಲೆಕ್ಕ ಹಾಕಿದೆ.

ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಯೆಂದರೆ ಉಂಡಿ. ಶೇಂಗಾದ ಉಂಡಿ, ಎಳ್ಳಿನ ಉಂಡಿ, ತಂಬಿಟ್ಟು. ನಾನು ಬೀಗ ತೆಗೆದು ಬೆಲ್ಲ ಕೊಟ್ಟೆ, ಅವಳು ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಉಂಡಿ ಕಟ್ಟಿದಳು. ಕಟ್ಟಿದ್ದನ್ನೆಲ್ಲ ಎಣಿಸಿ ಡಬ್ಬಿಗೆ ಹಾಕಿದೆ. ಮಧ್ಯಾಹ್ನ ನೋಡಿದರೆ ಒಂದು ಕಡಿಮೆ.

ಅದೇ ಹೊತ್ತಿಗೆ ನಿಜಾಮ ಬಂದ. ಎಂದಿನ ಹಾಗೆ ನಗುನಗುತ್ತ ಬರಲಿಲ್ಲ, ಏನೋ ಹೇಳಬೇಕೆಂದು ಬಂದವನ ಮುಖ ಅದು. ನಾನು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಸಾಕ್ಷಿ ಸಿಕ್ಕಿತು ಎಂದುಕೊಂಡು ಅವನ ಮುಂದೆಯೇ ಶುರು ಮಾಡಿದೆ.

“ನೋಡಪಾ ನಿಜಾಮ, ನಿನ್ನ ಅಕ್ಕನ ಹಣೇಬರಹ. ನೀ ಅಷ್ಟು ಆಸ್ಥಾದಿಂದ ಪುಡಿ ತಂದು ಕೊಡ್ತೀ. ಈಕಿ ಕದ್ದು ಉಂಡಿ ತಿಂತಾಳ.”

“ನಾ ತಿಂದಿಲ್ರಿ,” ಎಂದಳು ಶರಣವ್ವ.

“ಹಂಗಾದ್ರ ಸಕ್ರಿ ಗಾಳ್ಯಾಗಿಂದ ಬರತೈತೇನು ಮೈಯಾಗ? ಅರವತ್ತೆರಡು ವರ್ಷದಾಕಿ. ಸಣ್ಣ ಹುಡುಗರಂಗ ಕಳವು ಮಾಡ್ಲಿಕ್ಕೆ ನಾಚಿಕಿ ಬರೂದಿಲ್ಲೇನು ನಿನಗ?”

ಅವಳು ಎದೆಯ ಮೇಲಿನ ಲಿಂಗವನ್ನು ಸೆರಗಿನೊಳಗಿಂದಲೇ ಹಿಡಿದಳು. “ಲಿಂಗದಾಣಿ. ಆರು ತಿಂಗಳಾತು, ಬೆಲ್ಲ ನಾಲಿಗಿಗಿ ಮುಟ್ಟಿಲ್ಲ.”

“ಆಣಿ ಬ್ಯಾರೆ ಮಾಡ್ತಾಳ,” ಎಂದೆ ನಾನು.

ನಿಜಾಮ ಚಹಾದ ಬಟ್ಟಲು ಹಿಡಿದು ಕುಳಿತಿದ್ದ. ಬಟ್ಟಲಿನೊಳಗೇ ನೋಡುತ್ತ ಚಹಾ ಮುಗಿಸಿ, ಬರುತ್ತೇನೆ ಎಂದು ಎದ್ದು ಹೋದ. ಆಮೇಲೆ ಸೋನಾಲಿ ಬಂದು, ಆ ಒಂದು ಉಂಡಿಯನ್ನು ತಾನೇ ಕೆಳಗಿನ ವಾಚ್‌ಮನ್‌ಗೆ ಕೊಟ್ಟೆ ಎಂದಳು. ಅದಕ್ಕೆ ನಾನೇನು ಮಾಡಿದೆ? ಏನೂ ಮಾಡಲಿಲ್ಲ. ಇದೊಂದು ಸಲ ಇರಬಹುದು, ಉಳಿದ ಸಲ ಎಂದು ಗೊಣಗಿ ಪೇಪರು ಬಿಡಿಸಿಕೊಂಡು ಕೂತೆ.

ದೀಪಾವಳಿಗೆ ಮುಂಚೆ ಬೆರಳು ಕಪ್ಪಾಯಿತು. ಆಸ್ಪತ್ರೆಗೆ ಸೇರಿಸಿದೆವು. ಬೆರಳು ತೆಗೆಯಲೇಬೇಕು, ಇಲ್ಲವಾದರೆ ಪಾದ ಹೋಗುತ್ತದೆ ಎಂದರು. ಬೆರಳು ಊದಿದ್ದರಿಂದ ಕಾಲುಂಗುರ ಬರಲಿಲ್ಲ. ನರ್ಸು ಸಣ್ಣ ಇಕ್ಕಳದಿಂದ ಕತ್ತರಿಸಿ ತೆಗೆದು, ಎರಡು ತುಂಡನ್ನು ನನ್ನ ಅಂಗೈಗೆ ಹಾಕಿದಳು. ನಲವತ್ತೊಂದು ವರ್ಷದ ಹಿಂದೆ ಇಂಡಿಯ ಅಕ್ಕಸಾಲಿಗ ಮಾಡಿದ ಕಾಲುಂಗುರ ಅದು.

ಆಸ್ಪತ್ರೆಯಲ್ಲಿ ವಿಚಿತ್ರವೊಂದು ನಡೆಯಿತು. ಒಂದು ವಾರದಲ್ಲಿ ಶರಣವ್ವನ ಸಕ್ಕರೆ ಇಳಿಯಿತು. ಅಲ್ಲಿಯ ಊಟ, ಅಲ್ಲಿಯ ಔಷಧ ಅಷ್ಟೇ, ನಮ್ಮ ನೀಲಿ ಡಬ್ಬಿ ಮನೆಯಲ್ಲಿಯೇ ಉಳಿದಿತ್ತು. ಯಾರಿಗಾದರೂ ಆಗಲೇ ತಿಳಿಯಬೇಕಿತ್ತು. ನಾನು ಹೇಳಿದ್ದೇನು ಗೊತ್ತೇ? “ನೋಡಿದಿ? ಇಲ್ಲಿ ಕದ್ದು ತಿನ್ನಲಿಕ್ಕೆ ಸಿಗಂಗಿಲ್ಲ, ತಾನ ಇಳೀತು.” ಬೆರಳು ಕಳೆದುಕೊಂಡು ಮಲಗಿದ ಹೆಂಗಸಿಗೆ ಈ ಮಾತು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಇದನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ.

ಅದರ ಮರುದಿನ ಮಧ್ಯಾಹ್ನ ನಿಜಾಮ ನೋಡಲು ಬಂದ. ಶರಣವ್ವ ಅವನನ್ನು ಕಂಡು ಎದ್ದು ಕೂರಲು ನೋಡಿದಳು.

“ತಮ್ಮಾ, ಮನ್ಯಾಗಿನ ಡಬ್ಬಿ ಮುಗೀಲಿಕ್ಕೆ ಬಂದೈತಿ. ಹೊಸಾದು ಒಂದು ತಗೊಂಡು ಬಾ. ಗಾಯ ಲಗೂ ಮಾಯಬೇಕಂತ, ಡಾಕ್ಟರ ಹೇಳ್ಯಾರ.”

ನಿಜಾಮ ಮಂಚದ ಸರಳು ಹಿಡಿದ. “ಅಕ್ಕಾ, ಅದನ್ನ ಕುಡೀಬ್ಯಾಡ್ರಿ,” ಎಂದ. “ಅದು ಪ್ರೋಟೀನ್ ಅಲ್ರಿ.”

ಆಮೇಲೆ ನಿಲ್ಲಲಿಲ್ಲ. ಸರಳು ಬಿಡದೆ ಎಲ್ಲವನ್ನೂ ಹೇಳಿದ. ಮೊದಮೊದಲು ಹಾಲಿನ ಪುಡಿಯೇ ಹೆಚ್ಚಿತ್ತಂತೆ. ಮೂರು ವರ್ಷದ ಹಿಂದೆ ಚೀಟಿ ಬದಲಾಯಿತು. ಹಾಲಿನ ಮೂಟೆ ಒಂದು, ಮಾಲ್ಟೋ ಮೂಟೆ ಮೂರು. ಮಾಲ್ಟೋ ಎಂದರೆ ಮೆಕ್ಕೆಜೋಳದಿಂದ ತೆಗೆದ ಬಿಳಿ ಪುಡಿ, ಅಗ್ಗದ್ದು. ನಾಲಿಗೆಗೆ ಸಿಹಿ ಹತ್ತುವುದಿಲ್ಲ, ಹೊಟ್ಟೆಗೆ ಹೋದರೆ ಸಕ್ಕರೆಗಿಂತ ಬೇಗ ರಕ್ತಕ್ಕೆ ಏರುತ್ತದೆ. ಪರೀಕ್ಷೆಗೆ ಕಳಿಸುವ ಮಾಲನ್ನು ಬೇರೆ ಮಾಡುತ್ತಿದ್ದರು, ಅದು ಅಪ್ಪಟ. ಅಂಗಡಿಗೆ ಹೋಗುವ ಮಾಲಿಗೆ ಹಾಲಿನ ರುಚಿ ಬರುವ ಹಾಗೆ ಎಸೆನ್ಸ್ ಹದ ಮಾಡುವುದು ಇವನ ನಾಲಿಗೆಯ ಕೆಲಸ. ಅದಕ್ಕಾಗಿಯೇ ಮಾಲೀಕ ಇವನನ್ನು ಉಸ್ತಾದ್ ಎನ್ನುತ್ತಿದ್ದ.

“ನಾ ತಿಳ್ಕೊಂಡಿದ್ದೆ ಮಾಮಾ, ಹಿಟ್ಟು ಅಲ್ಲೇನು, ಲಾಭ ಆಗದಿದ್ರೂ ಲುಕ್ಸಾನ ಆಗಂಗಿಲ್ಲ ಅಂತ. ತೂಕದಾಗ ಮೋಸ ಮಾಡಿಲ್ಲ. ಮೊಟ್ಟಿ ಮುಟ್ಟಿಸಿಲ್ಲ. ಅಷ್ಟ ನೋಡ್ಕೊಂಡೆ.”

“ಲುಕ್ಸಾನ ಆಗತೈತಿ ಅಂತ ಯಾವಾಗ ಗೊತ್ತಾತು ನಿನಗ?” ಎಂದು ಕೇಳಿದೆ.

ಅವನ ಮಗಳು ಶಾಹೀನ ಔಷಧಿಯ ಕೋರ್ಸು ಓದುತ್ತಾಳೆ. ಅಪ್ಪ ಮಾತಿನ ಭರದಲ್ಲಿ ಚೀಟಿಯ ಲೆಕ್ಕ ಹೇಳಿದಾಗ ಅವಳು ಊಟದ ತಟ್ಟೆ ಬಿಟ್ಟು ಎದ್ದಳಂತೆ. ಶರಣವ್ವ ಅತ್ತೆಗೆ ಅದನ್ನೇ ಕೊಡುತ್ತಿದ್ದೀರಾ ಅಬ್ಬಾ, ಸಕ್ಕರೆ ರೋಗಿಗೆ ಅದು ವಿಷ ಎಂದಳಂತೆ.

“ಯಾವಾಗ?” ಎಂದು ಮತ್ತೆ ಕೇಳಿದೆ.

“ಪಂಚಮಿಗಿ ಎರಡು ದಿವಸ ಮೊದಲ. ಹೇಳಬೇಕಂತ ಬಂದಿದ್ನಿ.”

ನಾನು ಅವನ ಅಂಗಿಯ ಕೊರಳಪಟ್ಟಿ ಹಿಡಿದೆ. ಹೌದು, ವಾರ್ಡಿನಲ್ಲಿ, ಎಲ್ಲರ ಮುಂದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆ ಸಿಟ್ಟಿನಲ್ಲಿ ಒಂದು ದೊಡ್ಡ ಸುಖವಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ತಪ್ಪು ನನ್ನದಲ್ಲ ಎಂಬ ಸುಖ. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಶರಣವ್ವ ಮಾತ್ರ, “ಬಿಡ್ರಿ ಅವನ್ನ,” ಎಂದಳು. ಅಷ್ಟೇ ಅಂದಳು.

ನಿಜಾಮ ಆ ಕೆಲಸಕ್ಕೆ ಮರಳಿ ಹೋಗಲಿಲ್ಲ. ವಾರ ಬಿಟ್ಟು ನಮ್ಮ ಬಾಗಿಲಿಗೆ ಬಂದು, ಆಹಾರ ಇಲಾಖೆಗೆ ದೂರಿನ ಅರ್ಜಿ ಬರೆದುಕೊಡಿ ಎಂದ. ನಾನು ಇಂಗ್ಲಿಷ್‌ನಲ್ಲಿ ಬರೆಯುತ್ತ, ಕಾರ್ಖಾನೆಯವರು ಬೆರೆಸುತ್ತಾರೆ ಎಂದು ಬರೆದಿದ್ದನ್ನು ಓದಿ ಹೇಳಿದೆ. ಅವನು ಒಪ್ಪಲಿಲ್ಲ. “ಬೆರಸಿದಾಂವ ನಾನ ಅಂತ ಬರೀರಿ ಮಾಮಾ. ಚೀಟಿ ಅವರದು, ಕೈ ನಂದು.” ಹಾಗೆಯೇ ಬರೆದೆ. ತಳದಲ್ಲಿ ಸ್ವಲ್ಪ ಪುಡಿ ಉಳಿದಿದ್ದ ನೀಲಿ ಡಬ್ಬಿಯ ಜೊತೆ ಅದನ್ನು ಕೊಟ್ಟುಬಂದೆವು. ತನಿಖೆ ಇನ್ನೂ ನಡೆದಿದೆ. ಅವನು ಈಗ ವಡಾಲದಲ್ಲೇ ಒಂದು ಬೇಕರಿಯಲ್ಲಿ ಖಾರಿ ಬಿಸ್ಕಿಟ್ ಸುಡುತ್ತಾನೆ, ಯಾವ ಬೇಕರಿ ಎಂದು ಯಾರೂ ಕೇಳುವುದಿಲ್ಲ.

ಅರ್ಜಿಯ ನಕಲು ಪ್ರತಿ ಹಿಡಿದು ಅವನು ಶರಣವ್ವನನ್ನು ಕಾಣಲು ಬಂದ ದಿನ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಇವನು ಕಾಗದವನ್ನು ಅವಳ ಮುಂದಿಟ್ಟು ನೆಲದ ಮೇಲೆ ಕೂತ. ಅವಳು ಕಾಗದ ಮುಟ್ಟಲಿಲ್ಲ.

“ಪಂಚಮಿ ದಿನ ನೀ ಇಲ್ಲೇ ಕೂತಿದ್ದಿ,” ಎಂದಳು. “ನನ್ನ ಕಳ್ಳಿ ಅಂದಾಗ.”

“ಕೂತಿದ್ನಿ ಅಕ್ಕಾ.”

“ಹೇಳಬೇಕಂತ ಅನಸಲಿಲ್ಲೇನು?”

“ಅನಸಿತ್ರಿ.”

“ಮತ್ತ?”

“ಚಹಾ ಕುಡದು ಹೋದ್ನಿ.”

ಅವನು ಅತ್ತ. ಐವತ್ತೆರಡು ವರ್ಷದ ಗಂಡಸು, ಮುಖ ಮುಚ್ಚಿಕೊಳ್ಳದೆ ಅತ್ತ. ಶರಣವ್ವ ಅವನು ಮುಗಿಸುವವರೆಗೆ ಕಾದು, ಸೋನಾಲಿಗೆ ಚಹಾ ತರಲು ಹೇಳಿದಳು. “ಕುಡಿ,” ಎಂದಳು. “ನೀ ತಡಾ ಮಾಡಿ ಹೇಳಿದಿ. ಆದ್ರ ಹೇಳಿದಿ.”

ಅವಳು ಅವನನ್ನು ಬೈಯಲಿ ಎಂದು ನಾನು ಕಾಯುತ್ತಿದ್ದೆ. ಅವನನ್ನು ಬೈದಷ್ಟೂ ನನ್ನ ಪಾಲು ಕಡಿಮೆಯಾಗುತ್ತದೆ ಎಂಬ ಆಸೆ. ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ಎಲ್ಲವನ್ನೂ ಅವನ ಬಾಯಿಗೆ ಒರೆಸಿ ನಾನು ಪಾರಾಗುವ ಹುನ್ನಾರ. ಅವಳು ಬೈಯಲಿಲ್ಲ. ಅವನು ಹೋದ ಮೇಲೆ ಮನೆಯಲ್ಲಿ ನಾನು, ಅವಳು, ಒಳಗೆ ಪಾತ್ರೆ ತೊಳೆಯುವ ಸೋನಾಲಿ. ನಾನು ಎದ್ದು ಕಪಾಟಿನ ಬೀಗ ತೆಗೆದೆ. ಉಡದಾರದಿಂದ ಕೀಲಿಕೈ ಬಿಚ್ಚಲು ಗಂಟು ಬಿಗಿಯಾಗಿತ್ತು, ಕಣ್ಣು ಬೇರೆ ಮಂಜು. ಅಂತೂ ಬಿಚ್ಚಿ ಅವಳ ಮಡಿಲಿಗೆ ಹಾಕಿದೆ.

“ನನ್ನದು ತಪ್ಪಾತು,” ಎಂದೆ. ಮದುವೆಯಾದಾಗಿನಿಂದ ಅವಳಿಗೆ ಆಡಿರದ ಮಾತು.

ಶರಣವ್ವ ಕೀಲಿಕೈಯನ್ನು ನೋಡಿದಳು.

“ಡಬ್ಬಿ ಮ್ಯಾಲ ಬರದದ್ದು ನೀವು ಒಂದಽ ಸಲ ಓದಿದ್ರಿ, ನಂಬಿದ್ರಿ,” ಎಂದಳು. “ನಲವತ್ತೊಂದು ವರ್ಷ ಆತು ನನ್ನ ಜೋಡಿ ಇದ್ದು. ನಾ ಲಿಂಗದಾಣಿ ಮಾಡಿ ಹೇಳಿದ್ನಿ.”

ಗೋದಾಮಿನಲ್ಲಿ ಮೂವತ್ತೈದು ವರ್ಷ ಪೆಟ್ಟಿಗೆಯ ಒಳಗೆ ನೋಡದವನು ನಾನು ಎಂದು ಹೇಳಲೇ?

ಅವಳು ಕೀಲಿಕೈಯನ್ನು ಎತ್ತಿ ನನ್ನ ಕೈಗೇ ವಾಪಸು ಕೊಟ್ಟಳು. “ನಿಮ್ಮ ಕಡೇನ ಇರ್ಲಿ. ಬೆಲ್ಲ ನನಗ ಮೊದಲೂ ಬೇಕಾಗಿದ್ದಿಲ್ಲ.”

ಬೀಗವನ್ನು ಸೋನಾಲಿ ಎಲ್ಲಿಗೋ ಎಸೆದಳು. ಕಪಾಟು ಈಗ ಸದಾ ತೆರೆದಿರುತ್ತದೆ. ಕೀಲಿಕೈಯನ್ನು ನಾನು ಮತ್ತೆ ಉಡದಾರಕ್ಕೇ ಕಟ್ಟಿಕೊಂಡಿದ್ದೇನೆ. ತುಂಡಾದ ಕಾಲುಂಗುರವನ್ನು ಬೆಸೆಸಿ, ಪಕ್ಕದ ಬೆರಳಿಗಾದರೂ ಆಗಲಿ ಎಂದು ತಂದುಕೊಟ್ಟರೂ ಅವಳು ಹಾಕಿಕೊಳ್ಳಲಿಲ್ಲ. ಬೆಳಿಗ್ಗೆ ಸ್ನಾನಕ್ಕೆ ಕೂತಾಗ ಆ ಕೀಲಿಕೈ ತಣ್ಣಗೆ ಹೊಟ್ಟೆಗೆ ತಾಗುತ್ತದೆ. ಹೊರಗೆ ಶರಣವ್ವ ಒಂದು ಕಾಲು ಊರಿ, ಒಂದು ಕಾಲು ಎಳೆದು ಅಡುಗೆಮನೆಗೆ ಹೋಗುವ ಸದ್ದು ಕೇಳುತ್ತದೆ. ನಾನು ನೀರು ಹೊಯ್ದುಕೊಳ್ಳುವುದನ್ನು ನಿಲ್ಲಿಸಿ, ಅವಳು ಹೋಗಿ ಮುಟ್ಟುವವರೆಗೆ ಕೇಳುತ್ತ ಕೂತಿರುತ್ತೇನೆ.